ಹಳದಿ ಗೆರೆ ಅಳಿಸೋ ಮುಂಚೆ

ಫೆಸ್ಟ್ ರಿಜಿಸ್ಟ್ರೇಷನ್ ಪೇಜ್ ಲೈವ್ ಆಗುವ ಹಿಂದಿನ ರಾತ್ರಿ ನಮ್ಮ ಜಾವಾಸ್ಕ್ರಿಪ್ಟ್ ಫೈಲ್ ತುಂಬ ಹಳದಿ ಗೆರೆಗಳು. ಎಲ್ಲವೂ ಇಎಸ್‌ಲಿಂಟ್‌ನ ಒಂದೇ ನಿಯಮದ ದೂರು: ಡಾಟ್-ನೋಟೇಶನ್. ಆಟೋ ಫಿಕ್ಸ್ ಕೊಟ್ಟು ಮಲಗಿಬಿಟ್ವಿ. ಬೆಳಿಗ್ಗೆ ನೋಡಿದ್ರೆ ಎಂಟ್ರಿ ಲಿಸ್ಟ್‌ನಲ್ಲಿ ನೇಮ್ ಸರಿಯಾಗಿದೆ, ಯುಎಸ್‌ಎನ್ ಕಾಲಂನಲ್ಲಿ ಮಾತ್ರ ಎಲ್ಲರಿಗೂ 'ಅನ್‌ಡಿಫೈನ್ಡ್'!

ಏನಾಯ್ತು ಅಂತ ನೋಡೋಣ. ಕೋಡ್‌ನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇವೆ. ಆಬ್ಜೆಕ್ಟ್‌ನಿಂದ ವ್ಯಾಲ್ಯೂ ತೆಗೆಯಲು ಎರಡು ರೀತಿ ಇದೆ:

ಸ್ಟೂಡೆಂಟ್["ಯುಎಸ್‌ಎನ್"]
ಸ್ಟೂಡೆಂಟ್.ಯುಎಸ್‌ಎನ್

ಬ್ರೌಸರ್‌ಗೆ ಎರಡೂ ಒಂದೇ. ಎರಡನೆಯದು ಚಿಕ್ಕದು, ಓದೋಕೆ ಸುಲಭ. ಅದಕ್ಕೇ ಲಿಂಟರ್ ಅದನ್ನು ಕೇಳುತ್ತದೆ. ಕೀಯಲ್ಲಿ ಹೈಫನ್ ಇದ್ದರೆ ಅಥವಾ ಕೀ ವೇರಿಯಬಲ್‌ನಲ್ಲಿದ್ದರೆ ಬ್ರ್ಯಾಕೆಟ್ ಬೇಕೇ ಬೇಕು. ಅಲ್ಲಿ ಅದು ತಕರಾರು ಮಾಡೋದಿಲ್ಲ.

ಆದರೆ ನಮ್ಮ ಕೋಡ್ ನೇರವಾಗಿ ಬ್ರೌಸರ್‌ಗೆ ಹೋಗ್ತಿರಲಿಲ್ಲ. ಸೀನಿಯರ್ಸ್ ಬಿಟ್ಟುಹೋದ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಕ್ಲೋಶರ್ ಕಂಪೈಲರ್ ಇತ್ತು, ಅದೂ 'ಅಡ್ವಾನ್ಸ್ಡ್' ಮೋಡ್‌ನಲ್ಲಿ. ಫೈಲ್ ಚಿಕ್ಕದಾಗಲಿ ಅಂತ ಅದು ಡಾಟ್ ನಂತರದ ಹೆಸರನ್ನು ಒಂದೆರಡು ಅಕ್ಷರಕ್ಕೆ ಇಳಿಸುತ್ತದೆ, ಕೋಟ್ಸ್ ಒಳಗಿನದನ್ನು ಮುಟ್ಟೋದಿಲ್ಲ. ಸರ್ವರ್ ಕಳಿಸಿದ ಜೇಸನ್‌ನಲ್ಲಿ 'ಯುಎಸ್‌ಎನ್' ಇದೆ, ನಮ್ಮ ಕೋಡ್ 'ಎ' ಅಂತ ಹುಡುಕ್ತಿದೆ. ಸಿಗೋದು ಹೇಗೆ? 'ನೇಮ್' ಬಚಾವಾಗಿದ್ದು ಅದು ಬ್ರೌಸರ್ ತಾನೇ ಬಳಸುವ ಹೆಸರುಗಳಲ್ಲೂ ಒಂದು ಅನ್ನೋ ಕಾರಣಕ್ಕೆ. ಅಂಥ ಹೆಸರನ್ನು ಕಂಪೈಲರ್ ಬದಲಿಸೋದಿಲ್ಲ. ತಪ್ಪು ಟೂಲ್‌ನದ್ದಲ್ಲ, ಓದದೇ ಒತ್ತಿದ ನಮ್ಮದು.

ಕೋಟ್ಸ್ ವಾಪಸ್ ಹಾಕಿದ್ವಿ. ಗೆರೆಗಳೂ ವಾಪಸ್ ಬಂದವು. ಅವನ್ನು ಸುಮ್ಮನಾಗಿಸಲು ಮೂರು ದಾರಿ:

1. ಒಂದು ಸಾಲಿಗೆ: ಅದರ ಮೇಲೆ 'ಇಎಸ್‌ಲಿಂಟ್-ಡಿಸೇಬಲ್-ನೆಕ್ಸ್ಟ್-ಲೈನ್ ಡಾಟ್-ನೋಟೇಶನ್' ಅಂತ ಕಾಮೆಂಟ್.
2. ಒಂದು ಫೈಲ್‌ಗೆ: ಶುರುವಿನಲ್ಲಿ 'ಇಎಸ್‌ಲಿಂಟ್-ಡಿಸೇಬಲ್ ಡಾಟ್-ನೋಟೇಶನ್' ಅಂತ ಬ್ಲಾಕ್ ಕಾಮೆಂಟ್.
3. ಇಡೀ ಪ್ರಾಜೆಕ್ಟ್‌ಗೆ: ಕಾನ್ಫಿಗ್ ಫೈಲ್‌ನಲ್ಲಿ ಆ ನಿಯಮಕ್ಕೆ 'ಆಫ್'.

ಮೊದಲೆರಡರಲ್ಲಿ ನಿಯಮದ ಹೆಸರು ಬರೆಯೋಕೆ ಮರೀಬೇಡಿ. ಮರೆತರೆ ಅಲ್ಲಿ ಎಲ್ಲ ನಿಯಮಗಳೂ ಆಫ್ ಆಗ್ತವೆ, ನಿಜವಾದ ತಪ್ಪೂ ಕಾಣಿಸೋದಿಲ್ಲ.

ನಾವು ಸರ್ವರ್ ಡೇಟಾ ಓದುವ ಸಾಲುಗಳನ್ನೆಲ್ಲ ಒಂದೇ ಫೈಲ್‌ಗೆ ತಂದು ಎರಡನೇ ದಾರಿ ಹಿಡಿದೆವು. ಕಾಮೆಂಟ್‌ನಲ್ಲಿ ಎರಡು ಹೈಫನ್ ಹಾಕಿ ಕಾರಣ ಬರೆಯಲು ಇಎಸ್‌ಲಿಂಟ್ ಬಿಡುತ್ತದೆ. ನಾವು ಬರೆದಿದ್ದು: 'ಸರ್ವರ್‌ನ ಕೀಗಳು, ಕೋಟ್ಸ್ ತೆಗೀಬೇಡಿ'. ಮುಂದಿನ ವರ್ಷ ಈ ಕೋಡ್ ಜೂನಿಯರ್ಸ್ ಕೈಗೆ ಹೋಗುತ್ತೆ. ಆ ಸಾಲು ಇಲ್ಲದಿದ್ರೆ ಅವರೂ ಅದೇ ಬಟನ್ ಒತ್ತುತ್ತಾರೆ.