ವಯನಾಡಿನಲ್ಲಿ ಹಳೆಯ ಹೆರಾಲ್ಡ್ ಎಬ್ಬಿಸುವವರಿಗೆ ಹನ್ನೊಂದು ಸೂತ್ರಗಳು

ಎಂಜಿ, ಟ್ರಯಂಫ್ ಸ್ಪಿಟ್‌ಫೈರ್‌ನಂಥ ಅಪ್ಪಟ ಸ್ಪೋರ್ಟ್ಸ್ ಕಾರು ನಮ್ಮ ಕಡೆಯ ಶೆಡ್ಡುಗಳಲ್ಲಿ ಸಿಗುವುದು ಬಲು ಅಪರೂಪ. ಆದರೆ ಸ್ಪಿಟ್‌ಫೈರ್‌ನ ಒಡಹುಟ್ಟು ಸಿಗುತ್ತದೆ, ಅದೇ ಸ್ಟ್ಯಾಂಡರ್ಡ್ ಹೆರಾಲ್ಡ್. ಬ್ರಿಟನ್ನಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಬಂದ ಕಾರನ್ನು 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಇಲ್ಲೇ ತಯಾರಿಸಿತು. ಚೆಲುವಾದ ಮೈಕಟ್ಟು ಇಟಲಿಯ ಜಿಯೊವಾನಿ ಮಿಕೆಲೊಟ್ಟಿಯವರದು. ಇದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಹೊರತಂದರು. ಕಾಫಿ ತೋಟದ ಮನೆಯಲ್ಲಿ, ನಮ್ಮದೇ ಕೈಯಿಂದ ಸರಿಪಡಿಸಲು ಇದಕ್ಕಿಂತ ಒಳ್ಳೆಯ ಕಾರು ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ವಯನಾಡು ಬೆಂಗಳೂರಲ್ಲ. ಇಲ್ಲಿ ಕೆಲಸದ ಯಜಮಾನ ಮಳೆ.

1. ಎಂಜಿನ್ ನೋಡಿ ಮಾರುಹೋಗಬೇಡಿ, ಚಾಸಿ ನೋಡಿ ಕೊಳ್ಳಿ. 948 ಸಿಸಿ ಎಂಜಿನ್ ಕೆಟ್ಟಿದ್ದರೆ ಲೇತ್ ಅಂಗಡಿಯಲ್ಲಿ ಸರಿಯಾಗುತ್ತದೆ. ತುಕ್ಕು ತಿಂದ ಚಾಸಿಯನ್ನು ಸರಿಮಾಡುವಷ್ಟರಲ್ಲಿ ಉತ್ಸಾಹವೂ ಹಣವೂ ಮುಗಿದಿರುತ್ತವೆ. ಸ್ಕ್ರೂಡ್ರೈವರ್ ಹಿಡಿದು ಕಾರಿನ ಅಡಿಗೆ ಹೋಗಿ. ಚಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳು, ಡಿಕ್ಕಿಯ ತಳ, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಡಿಫರೆನ್ಷಿಯಲ್ ಕೂರುವ ಜಾಗ, ಬ್ಯಾಟರಿಯ ಕೆಳಗಿನ ತಗಡು, ಎಲ್ಲವನ್ನೂ ಒತ್ತಿ ನೋಡಿ. ಸ್ಕ್ರೂಡ್ರೈವರ್ ಒಳಗಿಳಿದರೆ ಬೆಲೆ ಇಳಿಸಿ ಮಾತಾಡಿ, ಇಲ್ಲವೇ ಕೈಮುಗಿದು ಹೊರಡಿ. ಹೆರಾಲ್ಡ್‌ನ ದೊಡ್ಡ ಅನುಕೂಲವೆಂದರೆ ಚಾಸಿ ಬೇರೆ, ಬಾಡಿ ಬೇರೆ. ಬಾಡಿಯ ಭಾಗಗಳು ಬೋಲ್ಟಿನಲ್ಲಿ ಕೂರುತ್ತವೆ. ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತದೆ. ಮುಂದಿನ ಚಕ್ರದ ಮೇಲೆ ಕೂತೇ ಎಂಜಿನ್ ಕೆಲಸ ಮಾಡಬಹುದು.

2. ಪಂಚಾಂಗ ಮೊದಲು, ಪಾನಾ ಆಮೇಲೆ. ಈ ಊರಿನಲ್ಲಿ ಮನೆ ರಿಪೇರಿಗಳು ಅರ್ಧಕ್ಕೆ ನಿಲ್ಲುವುದಕ್ಕೆ ಕೌಶಲದ ಕೊರತೆಗಿಂತ ತಪ್ಪು ತಿಂಗಳಿನ ಆಯ್ಕೆಯೇ ಹೆಚ್ಚು ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು. ಲಕ್ಕಿಡಿಯ ಕಡೆ ಮನೆ ಇದ್ದರಂತೂ ಗೋಡೆಯೇ ಬೆವರುತ್ತದೆ. ಆ ಹವೆಯಲ್ಲಿ ಬಣ್ಣ ಕೆರೆದು ಬಿಟ್ಟ ತಗಡು ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ಥಿನ್ನರ್ ಆವಿಯಾಗುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಬಣ್ಣದ ಮೇಲೆ ಕೂರುತ್ತದೆ, ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಹಾಗಾಗಿ ಮಳೆಗಾಲವನ್ನು ಮೇಜಿನ ಮೇಲಿನ ಕೆಲಸಕ್ಕೆ ಮೀಸಲಿಡಿ: ಕಾರ್ಬ್ಯುರೇಟರ್, ಡೈನಮೋ, ಬ್ರೇಕ್ ಸಿಲಿಂಡರ್, ಗೇರ್‌ಬಾಕ್ಸ್, ಮೀಟರ್‌ಗಳು. ತಗಡು, ಬಣ್ಣಗಳ ಕೆಲಸ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ.

ತೊಡಕೂ ಇಲ್ಲೇ ಇದೆ. ವಯನಾಡಿನ ರೊಬಸ್ಟಾ ಕುಯ್ಲೂ ಅದೇ ತಿಂಗಳುಗಳಲ್ಲಿ. ಬಿಸಿಲು ಬೀಳುವ ಕಣದಲ್ಲೆಲ್ಲ ಕಾಫಿ ಹರಡಿರುತ್ತದೆ, ಮನೆಯವರ ಕೈಗಳೂ ಬಿಡುವಾಗಿರುವುದಿಲ್ಲ. ಒಣಗಿದ ಕಾಫಿ ಸಿಪ್ಪೆಯ ದೂಳು ಹಸಿ ಬಣ್ಣಕ್ಕೆ ಅಂಟಿದರೆ ಮತ್ತೆ ಉಜ್ಜುವುದೊಂದೇ ದಾರಿ. ಕಣದಿಂದ ದೂರ, ಗಾಳಿಗೆ ಎದುರಾಗದ ಮೂಲೆಯಲ್ಲಿ, ಸಿಮೆಂಟ್ ನೆಲದ ಮೇಲೆ ಕಾರು ನಿಲ್ಲಿಸಿ. ಮಣ್ಣು ನೆಲ ಬೇಡ, ಅದರ ತೇವ ಅಡಿಯಿಂದಲೇ ಏರಿ ಚಾಸಿ ತಿನ್ನುತ್ತದೆ. ಟಾರ್ಪಾಲನ್ನು ಕಾರಿಗೆ ತಾಗುವಂತೆ ಹೊದಿಸಬೇಡಿ. ಅದರೊಳಗೆ ಸಿಕ್ಕಿಬಿದ್ದ ತೇವ ಬಯಲಿನ ಮಳೆಗಿಂತ ಹೆಚ್ಚು ಹಾನಿ ಮಾಡುತ್ತದೆ.

3. ಕಾಗದಪತ್ರ ಸರಿಯಿಲ್ಲದ ಕಾರಿಗೆ ಒಂದು ಬೋಲ್ಟನ್ನೂ ಬಿಚ್ಚಬೇಡಿ. ಕರ್ನಾಟಕದ ನೋಂದಣಿಯಾದರೆ ಅಲ್ಲಿನ ಆರ್‌ಟಿಓದಿಂದ ನಿರಾಕ್ಷೇಪಣಾ ಪತ್ರ ತಂದು ಕೇರಳದಲ್ಲಿ ವರ್ಗಾಯಿಸಿಕೊಳ್ಳಬೇಕು. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಆರ್‌ಸಿ ಪುಸ್ತಕಕ್ಕೆ ತಾಳೆಯಾಗಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇಷ್ಟಕ್ಕೇ ಅನುಮತಿ. ಚಾಸಿ, ಬಾಡಿ, ಎಂಜಿನ್ನನ್ನು ಗಣನೀಯವಾಗಿ ಬದಲಿಸಿರಬಾರದು. ಭಾನುವಾರ ಬತ್ತೇರಿಗೋ ಮೈಸೂರಿಗೋ ಹೋಗಿಬರುವ ಆಸೆ ಇದ್ದರೆ ಸಾಮಾನ್ಯ ನೋಂದಣಿಯನ್ನೇ ಜೀವಂತ ಇಟ್ಟುಕೊಳ್ಳಿ.

4. ಮೈಸೂರು, ಬೆಂಗಳೂರಿನಿಂದ ಕಾರು ತರುವುದಾದರೆ ಲಾರಿಯವರೊಂದಿಗೆ ಸಮಯ ಗಟ್ಟಿ ಮಾಡಿಕೊಳ್ಳಿ. ಬಂಡೀಪುರದ ಮೂಲಕ ಬರುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಇಲ್ಲ. ತಡವಾದರೆ ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ದಾರಿ ಹಿಡಿಯಬೇಕು.

5. ಬಿಚ್ಚುವ ಮುನ್ನ ಕಣ್ಣು ತುಂಬ ನೋಡಿ. ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣ ಬಳಿಯ ಪಯಣ, ಕೊಯಮತ್ತೂರಿನ ಜಿಡಿ ಕಾರು ಸಂಗ್ರಹಾಲಯಗಳು ವಯನಾಡಿನಿಂದ ಹೋಗಿಬರುವ ದೂರದಲ್ಲಿವೆ. ಒಂದು ಹಳೆಯ ಕಾರಿನಲ್ಲಿ ರಬ್ಬರ್ ಬೀಡಿಂಗ್ ಎಲ್ಲಿ ಮುಗಿಯುತ್ತದೆ, ಕ್ರೋಮ್ ಪಟ್ಟಿ ಹೇಗೆ ಕೂರುತ್ತದೆ ಎಂಬುದನ್ನು ಅಲ್ಲಿ ಕಲಿಯಬಹುದು. ನಿಮ್ಮ ಕಾರಿನ ಪ್ರತಿ ಮೂಲೆಯ ಫೋಟೊ ತೆಗೆಯಿರಿ. ಬಾಡಿಯ ಭಾಗಗಳ ನಡುವೆ ಸಿಗುವ ತೆಳು ತಗಡಿನ ವಾಷರ್‌ಗಳನ್ನು ಎಸೆಯಬೇಡಿ, ಎಷ್ಟು, ಎಲ್ಲಿ ಎಂದು ಚೀಟಿ ಬರೆದು ಕಟ್ಟಿಡಿ. ಬಾಗಿಲ ಸಂದು ಸಮನಾಗಿ ಬರುವುದು ಅವುಗಳಿಂದಲೇ. ಬಣ್ಣಕ್ಕೆ ಮುಂಚೆ ಎಲ್ಲ ಭಾಗಗಳನ್ನೂ ಒಮ್ಮೆ ಜೋಡಿಸಿ, ಸಂದು ನೋಡಿ, ಮತ್ತೆ ಬಿಚ್ಚಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟವರ ಕಾರನ್ನು ದೂರದಿಂದಲೇ ಗುರುತಿಸಬಹುದು.

6. ತುಕ್ಕಿನ ಮೇಲೆ ಪುಟ್ಟಿ ಹಚ್ಚುವುದು ಮೋಸ. ತೂತು ಬಿದ್ದ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ವೆಲ್ಡ್ ಮಾಡಿಸಿ. ಒಂದು ದಿನಕ್ಕೆ ಒಂದೇ ಭಾಗ ಕೆರೆಯಿರಿ, ಅದೇ ಸಂಜೆಯೊಳಗೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಸಾಮಾನ್ಯ ಪ್ರೈಮರ್ ತೇವ ಹೀರುತ್ತದೆ, ಎಪಾಕ್ಸಿ ತಡೆಯುತ್ತದೆ. ಕಂಪ್ರೆಸರ್ ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಕಡ್ಡಾಯ. ಕೊನೆಯ ಬಣ್ಣವನ್ನು ಮಾತ್ರ ಮನೆಯಲ್ಲಿ ಹೊಡೆಯುವುದು ಬೇಡ. ಇಂದಿನ ಟೂ-ಕೆ ಬಣ್ಣದ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ವಿಷ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಬೂತ್ ಇರುವ ಪೇಂಟರ್ ಬಳಿ ಕೊಡಿ.

7. ಮುಂದಿನ ಚಕ್ರದ ಟ್ರನಿಯನ್‌ಗೆ ಗ್ರೀಸ್ ಬೇಡ, ಇಪಿ 90 ಗೇರ್ ಆಯಿಲ್ ಹಾಕಿ. ಗ್ರೀಸ್ ಗನ್ ಕಂಡಲ್ಲೆಲ್ಲ ಗ್ರೀಸ್ ಒತ್ತುವುದು ನಮ್ಮ ಗ್ಯಾರೇಜುಗಳ ಅಭ್ಯಾಸ. ಹೆರಾಲ್ಡ್‌ನಲ್ಲಿ ಸ್ಟೀರಿಂಗ್ ತಿರುಗುವುದು ಈ ಟ್ರನಿಯನ್‌ನ ಹಿತ್ತಾಳೆಯ ಮರೆಯ ಮೇಲೆ. ಆ ಮರೆಗೆ ಎಣ್ಣೆ ತಲುಪದೆ ನೀರು ಹೊಕ್ಕರೆ ಒಳಗಿನ ಕಬ್ಬಿಣ ಸವೆದು ಮುರಿಯುತ್ತದೆ, ಚಕ್ರ ಕಳಚಿ ಮಡಚಿಕೊಳ್ಳುತ್ತದೆ. ಮುಂಗಾರಿಗೆ ಮುಂಚೆ ಒಮ್ಮೆ, ಆಮೇಲೊಮ್ಮೆ ಎಣ್ಣೆ ತುಂಬಿಸಿ.

8. ಎಂಜಿನ್ ಇಳಿಸುವ ಮೊದಲು ಒಂದು ಪರೀಕ್ಷೆ. ಯಾರಾದರೂ ಕ್ಲಚ್ ತುಳಿಯಲಿ, ನೀವು ಮುಂದಿನ ಪುಲ್ಲಿ ನೋಡಿ. ಪುಲ್ಲಿ ಕಣ್ಣಿಗೆ ಕಾಣುವಂತೆ ಮುಂದೆ ಸರಿದರೆ ಕ್ರ್ಯಾಂಕ್‌ನ ಥ್ರಸ್ಟ್ ವಾಷರ್ ಸವೆದಿದೆ. ಸರಿಯಾದ ಆಟ ಸುಮಾರು 0.1ರಿಂದ 0.2 ಮಿ.ಮೀ. ವಾಷರ್ ಪೂರ್ತಿ ಸವೆದು ಕೆಳಗೆ ಬಿದ್ದರೆ ಕ್ರ್ಯಾಂಕ್, ಬ್ಲಾಕ್ ಎರಡೂ ಹಾಳು. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮನೆಯ ಕೆಲಸಗಳಲ್ಲ. ಬಿಡಿಭಾಗಕ್ಕೆ ಬೆಂಗಳೂರಿನ ಜೆಸಿ ರಸ್ತೆ ಸುತ್ತಿ, ಸಿಗದಿದ್ದರೆ ಸ್ಪಿಟ್‌ಫೈರ್ ಭಾಗ ಕೇಳಿ. ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತವೆ, ಅನೇಕವು ಹೆರಾಲ್ಡ್‌ಗೂ ಕೂರುತ್ತವೆ.

9. ಪೆಟ್ರೋಲ್ ಬದಲಾಗಿದೆ, ಪೈಪ್ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರು ಬಿಡುತ್ತದೆ. ಎಥನಾಲ್ ತಾಳುವ ಪೈಪ್, ಪೆಟ್ರೋಲ್ ಪಂಪಿಗೆ ಹೊಸ ಡಯಾಫ್ರಮ್ ಹಾಕಿಸಿ. ಜೂನ್‌ನಲ್ಲಿ ಕಾರು ಕದಲುವುದಿಲ್ಲ ಎಂದಾದರೆ ಟ್ಯಾಂಕ್ ಬರಿದು ಮಾಡಿಡಿ.

10. ವೈರಿಂಗ್‌ಗೆ ತೇಪೆ ಹಾಕಬೇಡಿ, ಪೂರ್ತಿ ಹೊಸದು ಎಳೆಸಿ. ಇಲಿ ಕಡಿದ ಒಂದು ತಂತಿ ಸಾಕು ಶೆಡ್ಡೇ ಉರಿಯಲು. ಬ್ಯಾಟರಿಗೆ ಕಟ್-ಆಫ್ ಸ್ವಿಚ್, ಕೈಗೆ ಸಿಗುವಲ್ಲಿ ಅಗ್ನಿಶಾಮಕ ಇರಲಿ.

11. ಮೊದಲ ಸವಾರಿ ಘಾಟಿಗಲ್ಲ. ಹಳೆಯ ಹೆರಾಲ್ಡ್‌ನ ಬ್ರೇಕ್ ಒಂದೇ ಸರ್ಕ್ಯೂಟ್, ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ಸಿಲಿಂಡರ್ ರಬ್ಬರ್, ಪೈಪ್ ಎಲ್ಲ ಹೊಸದಾಗಿರಲಿ, ಹ್ಯಾಂಡ್‌ಬ್ರೇಕ್ ಕಾರನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಬೇಕು. ಬ್ರೇಕ್ ಆಯಿಲ್ ತೇವ ಹೀರುತ್ತದೆ, ತೇವ ಹೀರಿದ ಆಯಿಲ್ ಬಿಸಿಗೆ ಕುದಿದು ಪೆಡಲ್ ನೆಲಕ್ಕೆ ಇಳಿಯುತ್ತದೆ. ಇಲ್ಲಿನ ಹವೆಗೆ ವರ್ಷಕ್ಕೊಮ್ಮೆ ಬದಲಿಸಲೇಬೇಕು. ಪನಮರಂ ಗದ್ದೆಬಯಲಿನ ಸಮತಟ್ಟು ರಸ್ತೆಯಲ್ಲಿ ಕಾರು ಪಳಗಲಿ. ಆಮೇಲೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳು. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಮೊದಲ ಗೇರಿಗೆ ಸಿಂಕ್ರೊಮೆಶ್ ಇಲ್ಲ, ಏರುವಾಗ ತಿರುವಿನ ನಡುವೆ ಅವಸರದಲ್ಲಿ ಹಾಕಲು ಹೋದರೆ ಹಲ್ಲು ಕಿರುಗುಟ್ಟುತ್ತದೆ, ತಿರುವಿಗೆ ಮುಂಚೆಯೇ ಹಾಕಿಕೊಳ್ಳಿ. ತಿರುವಿನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ಬಿಡಬೇಡಿ, ಸ್ವಿಂಗ್ ಆಕ್ಸಲ್‌ನ ಹಿಂಬದಿಯ ಚಕ್ರ ಒಳಕ್ಕೆ ಮಡಚಿ ಕಾರಿನ ಹಿಂಭಾಗ ಹೊರಕ್ಕೆ ಎಸೆಯುತ್ತದೆ.

ನಿಮ್ಮ ತೋಟದ ಶೆಡ್ಡಿನಲ್ಲೋ ನೆಂಟರ ಮನೆಯ ಹಿತ್ತಿಲಲ್ಲೋ ಒಂದು ಹೆರಾಲ್ಡ್ ನಿಂತಿದ್ದರೆ ಗುಜರಿಯವರಿಗೆ ತೂಕಕ್ಕೆ ಕೊಡಬೇಡಿ. ಈ ಮುಂಗಾರು ಹಿಡಿಯುವ ಮೊದಲೇ ಅದನ್ನು ಜ್ಯಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಅಡಿಗೆ ಹೋಗಿ ಚಾಸಿ ನೋಡಿ.