ಬೇರುನಾಳ ಚಿಕಿತ್ಸೆ: ನೋವು ನಿಂತ ಮೇಲೂ ಬರಬೇಕು

ಹುಳುಕು ಹಲ್ಲಿನ ತಿರುಳನ್ನು ತಲುಪಿದಾಗ ತೀವ್ರವಾದ ನೋವುಂಟಾಗುತ್ತದೆ. ಇಂತಹ ಹಲ್ಲನ್ನು ಕೀಳದೆ ಉಳಿಸುವ ವಿಧಾನವೇ ಬೇರುನಾಳ ಚಿಕಿತ್ಸೆ, ಅಂದರೆ ರೂಟ್ ಕೆನಾಲ್. ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇದನ್ನು ಕಡಿಮೆ ವೆಚ್ಚದಲ್ಲಿ ಮಾಡುತ್ತಾರೆ. ಪ್ರತಿ ಹಂತವನ್ನೂ ಅಧ್ಯಾಪಕರು ಪರೀಕ್ಷಿಸುವುದರಿಂದ ಹಲವು ಬಾರಿ ಬರಬೇಕಾಗುತ್ತದೆ.

ತಿರುಳನ್ನು ತೆಗೆದ ಮೇಲೆ ನೋವು ಸಾಮಾನ್ಯವಾಗಿ ಶಮನವಾಗುತ್ತದೆ. ಆದರೆ ನೋವು ನಿಂತ ಮಾತ್ರಕ್ಕೆ ಚಿಕಿತ್ಸೆ ಮುಗಿಯಿತೆಂದು ಭಾವಿಸಬಾರದು. ತಾತ್ಕಾಲಿಕವಾಗಿ ತುಂಬಿದ ಸಿಮೆಂಟು ಕೆಲವು ವಾರಗಳಲ್ಲಿ ಸವೆಯುತ್ತದೆ. ಆಗ ರೋಗಾಣುಗಳು ಮತ್ತೆ ನಾಳವನ್ನು ಸೇರಿ, ಬೇರಿನ ತುದಿಯಲ್ಲಿ ಕೀವು ಕಟ್ಟಬಹುದು. ಕೊನೆಗೆ ಹಲ್ಲನ್ನೇ ಕೀಳಬೇಕಾದೀತು.

ಆದುದರಿಂದ ಗಮನಿಸಿ:

1. ನಾಳಗಳನ್ನು ಶುದ್ಧಗೊಳಿಸಿ ಗಟ್ಟಾಪರ್ಚಾ ತುಂಬುವವರೆಗೆ, ಹೇಳಿದ ದಿನಗಳಂದು ತಪ್ಪದೆ ಬರಬೇಕು.

2. ಅಲ್ಲಿಯವರೆಗೆ ಆ ಹಲ್ಲಿನಿಂದ ಗಟ್ಟಿ ಪದಾರ್ಥಗಳನ್ನು ಅಗಿಯಬಾರದು.

3. ಸಿಮೆಂಟು ಬಿದ್ದರೆ, ಊತ ಅಥವಾ ಜ್ವರ ಬಂದರೆ, ಗೊತ್ತಾದ ದಿನಕ್ಕಾಗಿ ಕಾಯದೆ ಕೂಡಲೆ ಬರಬೇಕು.

4. ದವಡೆ ಹಲ್ಲು ಒಡೆಯದಂತೆ ಅದಕ್ಕೆ ಕವಚ ಹಾಕಿಸಬೇಕು.

5. ಒಂದು ವರ್ಷದ ನಂತರ ಕ್ಷ-ಕಿರಣ ಚಿತ್ರ ತೆಗೆಸಬೇಕು. ಬೇರಿನ ಸುತ್ತಲಿನ ಮೂಳೆ ಗುಣವಾಗಿದೆಯೇ ಎಂಬುದು ಅದರಿಂದಲೇ ತಿಳಿಯುತ್ತದೆ.

ಕೂಲಿ ತಪ್ಪುವುದೆಂದು ಭೇಟಿಯನ್ನು ಬಿಟ್ಟಿದ್ದವರೂ ಸಂಕೋಚಪಡದೆ ಚೀಟಿಯೊಡನೆ ಮರಳಿ ಬರಬೇಕು. ಕಿತ್ತ ಹಲ್ಲು ಮತ್ತೆ ಬಾರದು.