ವಲಸೆ ಬಂದ ಮಕ್ಕಳೂ ಊರ ಮಕ್ಕಳೂ

ಹದಿವಯಸ್ಸಿನ ಮಗನು ಗುಟಕಾ ತಿನ್ನಲು ಕಲಿತರೆ, ಶಾಲೆ ತಪ್ಪಿಸಿ ಹೊಡೆದಾಟಕ್ಕಿಳಿದರೆ, ಹೊರಗಿನಿಂದ ಬಂದವರ ಸಹವಾಸವೇ ಕಾರಣವೆಂದು ಹೇಳುವದು ಲೋಕರೂಢಿ. ಸಹವಾಸದೋಷದಿಂದ ಸನ್ಯಾಸಿ ಕೆಟ್ಟನೆಂಬ ಗಾದೆಯೂ ನೆರವಿಗೆ ಬರುತ್ತದೆ. ಆದರೆ ಹೊರಗಿನವರು ಯಾರು? ಹಳ್ಳಿಯಿಂದ ಕಲಬುರಗಿಯ ಮೋಮಿನಪುರಕ್ಕೆ ಬಂದ ಕುಟುಂಬವನ್ನು ನಾವು ಹಾಗೆನ್ನುವೆವು. ದುಡಿಮೆಗಾಗಿ ಮುಂಬಯಿ, ಪುಣೆಗಳಿಗೆ ಹೋದ ನಮ್ಮ ಜಿಲ್ಲೆಯವರ ಮಕ್ಕಳನ್ನು ಅಲ್ಲಿಯವರು ಹಾಗೆನ್ನುವರು.

ಈ ಆರೋಪವು ನಿಜವೋ ಎಂಬದನ್ನು ಪಂಡಿತರು ಪರೀಕ್ಷಿಸಿದ್ದಾರೆ. ಅಮೇರಿಕೆಯಲ್ಲಿ ಸಾಲಸ್-ರೈಟ್, ವಾನ್ ಮೊದಲಾದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರದೇಶದಲ್ಲಿ ಹುಟ್ಟಿ ಅಲ್ಲಿಗೆ ಬಂದ 12ರಿಂದ 17 ವರ್ಷದವರಲ್ಲಿ ದುರ್ನಡತೆಯು ಅಲ್ಲಿಯೇ ಹುಟ್ಟಿದವರಿಗಿಂತ ಕಡಿಮೆ. ತಾಯಿತಂದೆಗಳೊಡನೆ ಆಪ್ತತೆ, ಶಾಲೆಯಲ್ಲಿ ಆಸಕ್ತಿ, ಮಾದಕ ವಸ್ತುಗಳ ವಿಷಯದಲ್ಲಿ ಅಸಮ್ಮತಿ, ಇವು ಬಂದವರಲ್ಲಿ ಹೆಚ್ಚಾಗಿದ್ದವು. ಇದಕ್ಕೂ ಮುಂಚೆ, 1942ರಲ್ಲಿ, ಶಾ ಮತ್ತು ಮ್ಯಾಕೇ ಎಂಬವರು ಷಿಕಾಗೋ ನಗರದ ಕುರಿತು ಗ್ರಂಥವೊಂದನ್ನು ಬರೆದರು. ಬಡ ಕೇರಿಗಳಲ್ಲಿ ಒಂದು ಜನಾಂಗವು ಹೋಗಿ ಮತ್ತೊಂದು ಬಂದು ನೆಲಸಿದರೂ ಬಾಲಾಪರಾಧವು ಅಲ್ಲಿ ಹೆಚ್ಚಾಗಿಯೇ ಉಳಿಯಿತೆಂದು ಅವರು ತೋರಿಸಿದರು. ಅಂದರೆ ದೋಷದ ಬೇರು ಜನಾಂಗದಲ್ಲಿರದೆ ಕೇರಿಯ ಸ್ಥಿತಿಯಲ್ಲಿತ್ತು.

ಆ ದೇಶದ ಲೆಕ್ಕವನ್ನು ನಮ್ಮ ಊರಿಗೆ ಹಾಗೆಯೇ ಹಚ್ಚಲಾಗದು. ಆದರೂ ಮನೆ ಮತ್ತು ಶಾಲೆ ಎಂಬ ಎರಡು ಕಟ್ಟುಗಳು ಮಗುವನ್ನು ಕಾಯುತ್ತವೆಂಬದು ಎಲ್ಲಿಯೂ ಸಲ್ಲುವ ಮಾತು. ವಲಸೆಯಲ್ಲಿ ಮೊದಲು ಹರಿಯುವದು ಶಾಲೆಯ ಕಟ್ಟು. ಆದಕಾರಣ ವಾಚಕರು ಈ ಸಂಗತಿಗಳನ್ನು ನೆನಪಿನಲ್ಲಿಡಬೇಕು.

1. ವರ್ಗಾವಣೆ ಪತ್ರವು ತಡವಾಯಿತೆಂದು 6ರಿಂದ 14 ವರ್ಷದ ಮಗುವಿಗೆ ಸರಕಾರಿ ಶಾಲೆಯಲ್ಲಿ ಪ್ರವೇಶವನ್ನು ನಿರಾಕರಿಸಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ವಿಧಿಸಿದೆ.

2. ವಿದ್ಯಾಸಂಸ್ಥೆಯಿಂದ 100 ಮೀಟರಿನೊಳಗೆ ತಂಬಾಕು ಪದಾರ್ಥಗಳನ್ನು ಮಾರುವದೂ, 21 ವರ್ಷದೊಳಗಿನವರಿಗೆ ಅವನ್ನು ಎಲ್ಲಿಯೇ ಆಗಲಿ ಮಾರುವದೂ 2003ರ ಕಾಯಿದೆಯ ಕರ್ನಾಟಕ ತಿದ್ದುಪಡಿಯಂತೆ ನಿಷಿದ್ಧ.

3. ಆಪತ್ತಿನಲ್ಲಿರುವ ಮಗುವಿಗಾಗಿ 1098 ಸಂಖ್ಯೆಗೆ ಯಾರೂ ಕರೆ ಮಾಡಬಹುದು.

ಪೂರ್ವ ವಿದ್ಯಾರ್ಥಿನಿಯರಾದ ಸಹೋದರಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಶಿಕ್ಷಕಿಯರು. ನಿಮ್ಮ ಓಣಿಗೆ ಹೊಸದಾಗಿ ಬಂದ ಮನೆಯ ಹುಡುಗಿಯು ಶಾಲೆಗೆ ಹೋಗುತ್ತಿರುವಳೋ ಎಂದು ವಿಚಾರಿಸಿರಿ. ಹೋಗದಿದ್ದರೆ ಅವಳ ತಾಯಿಯೊಡನೆ ಮುಖ್ಯೋಪಾಧ್ಯಾಯರ ಬಳಿಗೆ ನೀವೇ ನಡೆಯಿರಿ. ನಿಮ್ಮ ಮಕ್ಕಳನ್ನು ಅವಳಿಂದ ದೂರವಿಡುವದಕ್ಕಿಂತ ಅವಳನ್ನು ಶಾಲೆಗೆ ಸೇರಿಸುವದು ಇಬ್ಬರಿಗೂ ಹೆಚ್ಚಿನ ರಕ್ಷಣೆ.